ಮಳೆಗಾಲದ ಜ್ವರ: ಡೆಂಗ್ಯೂವನ್ನು ಗುರುತಿಸುವ ಬಗೆ

ಮುಂಗಾರು ಮಳೆಯು ನೆಲಕ್ಕೆ ತಂಪನ್ನೂ ರೈತನ ಮನಕ್ಕೆ ನೆಮ್ಮದಿಯನ್ನೂ ತರುವಂತೆ ಮನೆಮನೆಗೆ ಜ್ವರವನ್ನೂ ತರುತ್ತದೆ. ಮೃಗಶಿರಾ, ಆರಿದ್ರಾ ಮಳೆಗಳು ಹಿಡಿದುಕೊಂಡ ಮೇಲೆ ಶ್ರಾವಣ, ಭಾದ್ರಪದಗಳು ಕಳೆಯುವವರೆಗೆ ಜ್ವರದ ಹಾಸಿಗೆಯಿಲ್ಲದ ಓಣಿ ಸಿಗುವುದು ಅಪರೂಪ. ಇವುಗಳಲ್ಲಿ ಬಹುಪಾಲು ಮೂರು ನಾಲ್ಕು ದಿನ ಕಾಡಿ ತಾವಾಗಿಯೇ ಇಳಿದುಹೋಗುವ ಸಾಮಾನ್ಯ ವೈರಾಣು ಜ್ವರಗಳು. ಆದರೆ ಅವುಗಳ ನಡುವೆ, ಅವುಗಳದೇ ವೇಷದಲ್ಲಿ ಡೆಂಗ್ಯೂ ಜ್ವರವೂ ಬಂದಿರುತ್ತದೆ. ಎಲ್ಲ ಜ್ವರವನ್ನೂ ಡೆಂಗ್ಯೂ ಎಂದು ಹೆದರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ಒಂದು ಬಗೆಯ ತಪ್ಪು; ಎಲ್ಲ ಜ್ವರವನ್ನೂ ‘ಮಳೆಗೆ ನೆನೆದದ್ದಕ್ಕೆ ಬಂತು’ ಎಂದು ಮಾತ್ರೆ ನುಂಗಿ ಸುಮ್ಮನಿರುವುದು ಇನ್ನೊಂದು ಬಗೆಯ ತಪ್ಪು. ಮೊದಲನೆಯದರಿಂದ ಹಣ ಹೋದೀತು, ಎರಡನೆಯದರಿಂದ ಪ್ರಾಣವೇ ಹೋದೀತು. ಈ ಎರಡರ ನಡುವಿನ ವಿವೇಕದ ದಾರಿಯನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದುದು ಇಂದಿನ ಅಗತ್ಯವಾಗಿದೆ.

ಡೆಂಗ್ಯೂ ಈಗ ದೊಡ್ಡ ನಗರಗಳ ಕಾಯಿಲೆಯಾಗಿ ಉಳಿದಿಲ್ಲ. 1996ರಲ್ಲಿ ದೆಹಲಿಯನ್ನು ನಡುಗಿಸಿದ ಈ ಜ್ವರ ಇಂದು ನಮ್ಮ ತಾಲ್ಲೂಕು ಕೇಂದ್ರಗಳನ್ನೂ ಹಳ್ಳಿಗಳನ್ನೂ ತಲುಪಿದೆ. 2024ರ ಮಳೆಗಾಲದಲ್ಲಿ ಪ್ರಕರಣಗಳು ವಿಪರೀತವಾಗಿ ಏರಿದುದರಿಂದ ಆ ವರ್ಷದ ಸೆಪ್ಟೆಂಬರ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಬೇಕಾಯಿತು.

ಹರಡುವ ದಾರಿಯೇ ಬೇರೆ

ಸಾಮಾನ್ಯ ವೈರಾಣು ಜ್ವರಗಳಲ್ಲಿ ಹೆಚ್ಚಿನವು ಉಸಿರಿನ ಮೂಲಕ ಹರಡುವಂತಹವು. ರೋಗಿಯು ಕೆಮ್ಮಿದಾಗ, ಸೀನಿದಾಗ ಹೊರಬೀಳುವ ಹನಿಗಳಿಂದ ಮತ್ತು ಆ ಹನಿಗಳು ಅಂಟಿದ ಕೈಗಳಿಂದ ಅವು ಮತ್ತೊಬ್ಬರಿಗೆ ದಾಟುತ್ತವೆ. ಆದುದರಿಂದಲೇ ಒಬ್ಬರಿಗೆ ಬಂದ ಜ್ವರ ಎರಡು ಮೂರು ದಿನಗಳಲ್ಲಿ ಮನೆಯ ಎಲ್ಲರಿಗೂ ತಗಲುವುದುಂಟು. ಡೆಂಗ್ಯೂ ಹಾಗೆ ಉಸಿರಿನಿಂದಾಗಲಿ, ಸ್ಪರ್ಶದಿಂದಾಗಲಿ, ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದರಿಂದಾಗಲಿ ಹರಡುವುದಿಲ್ಲ. ಅದಕ್ಕೆ ನಡುವೆ ಒಂದು ಸೊಳ್ಳೆ ಬೇಕು. ಆ ಸೊಳ್ಳೆಯ ಹೆಸರು ಈಡಿಸ್ ಈಜಿಪ್ಟೈ. ಕಪ್ಪು ಮೈಮೇಲೆ ಮತ್ತು ಕಾಲುಗಳ ಮೇಲೆ ಬಿಳಿಯ ಪಟ್ಟೆಗಳಿರುವ ಈ ಸೊಳ್ಳೆಯು ಹಗಲಿನಲ್ಲಿ ಕಚ್ಚುತ್ತದೆ. ಬೆಳಗಿನ ಹೊತ್ತು ಮತ್ತು ಸೂರ್ಯಾಸ್ತಕ್ಕೆ ಮೊದಲಿನ ಒಂದೆರಡು ತಾಸು ಅದರ ಹಾವಳಿ ಹೆಚ್ಚು.

ಡೆಂಗ್ಯೂ ವೈರಾಣುವುಳ್ಳ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಈ ವೈರಾಣುವಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯಿಂದ ಜ್ವರ ಬಂದು ಗುಣವಾದವರಿಗೆ ಆ ಬಗೆಯ ವಿರುದ್ಧ ಜೀವನಪರ್ಯಂತ ರಕ್ಷಣೆ ದೊರೆಯುತ್ತದೆ. ಉಳಿದ ಮೂರರ ವಿರುದ್ಧ ದೊರೆಯುವ ರಕ್ಷಣೆ ಕೆಲವು ತಿಂಗಳುಗಳದು ಮಾತ್ರ. ಅಷ್ಟೇ ಅಲ್ಲ, ಎರಡನೆಯ ಬಾರಿ ಬೇರೊಂದು ಬಗೆಯ ವೈರಾಣು ತಗಲಿದಾಗ ಕಾಯಿಲೆ ತೀವ್ರವಾಗುವ ಸಾಧ್ಯತೆ ಹೆಚ್ಚಾಗಿರುತ್ತದೆ. ಆದಕಾರಣ ‘ಹೋದ ವರ್ಷವೇ ಬಂದು ಹೋಗಿದೆ, ಇನ್ನು ಭಯವಿಲ್ಲ’ ಎಂದು ಭಾವಿಸುವವರು ಎಲ್ಲರಿಗಿಂತ ಹೆಚ್ಚು ಎಚ್ಚರದಿಂದಿರಬೇಕು.

ಲಕ್ಷಣಗಳಲ್ಲಿ ಕಾಣುವ ವ್ಯತ್ಯಾಸ

ಸಾಮಾನ್ಯ ವೈರಾಣು ಜ್ವರವು ಬಹುಮಟ್ಟಿಗೆ ಮೂಗು, ಗಂಟಲುಗಳಿಂದ ಆರಂಭವಾಗುತ್ತದೆ. ಮೂಗು ಸೋರುವುದು, ಸೀನು, ಗಂಟಲು ಕೆರೆತ, ಕೆಮ್ಮು ಮೊದಲಾಗಿ ಜ್ವರ ಜೊತೆಗೂಡುತ್ತದೆ. ಮೈಕೈ ನೋವು ಇದ್ದರೂ ಸಹಿಸಬಹುದಾದಷ್ಟೇ ಇರುತ್ತದೆ. ಪ್ಯಾರಾಸಿಟಮಾಲ್ ಮಾತ್ರೆ ತೆಗೆದುಕೊಂಡಾಗ ಜ್ವರವಿಳಿದು ರೋಗಿ ಎದ್ದು ಕುಳಿತು ನಾಲ್ಕು ಮಾತನಾಡುತ್ತಾನೆ.

ಡೆಂಗ್ಯೂ ಹಠಾತ್ತಾಗಿ ಎರಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಯ ಹೊತ್ತಿಗೆ 103, 104 ಡಿಗ್ರಿ ಜ್ವರದಲ್ಲಿ ಮಲಗಿಬಿಡುತ್ತಾರೆ. ಹಣೆಯ ಭಾಗದಲ್ಲಿ ಸಿಡಿಯುವಂತಹ ತಲೆನೋವು, ಕಣ್ಣುಗುಡ್ಡೆಯನ್ನು ಅತ್ತಿತ್ತ ಹೊರಳಿಸಿದರೆ ಅದರ ಹಿಂಭಾಗದಲ್ಲಿ ನೋವು, ಸೊಂಟ, ತೊಡೆ, ಕೀಲುಗಳಲ್ಲಿ ಯಾರೋ ಬಡಿದು ಹಾಕಿದಂತಹ ಯಾತನೆ, ವಾಕರಿಕೆ, ಊಟ ಸೇರದಿರುವುದು ಇದರ ಮುಖ್ಯ ಲಕ್ಷಣಗಳು. ಎಲುಬು ಮುರಿಯುವ ಜ್ವರ ಎಂಬ ಹೆಸರು ಇದಕ್ಕೆ ಹಿಂದಿನಿಂದಲೂ ಇದೆ. ಮುಖ, ಕುತ್ತಿಗೆ, ಎದೆಯ ಭಾಗ ಮೊದಲ ದಿನಗಳಲ್ಲಿಯೇ ಕೆಂಪೇರಬಹುದು. ಮುಂದೆ ಮೈಮೇಲೆ ಕೆಂಪು ದದ್ದುಗಳು ಕಾಣಿಸಿಕೊಳ್ಳಬಹುದು. ನೆಗಡಿ, ಕೆಮ್ಮುಗಳು ಸಾಮಾನ್ಯವಾಗಿ ಪ್ರಧಾನವಾಗಿರುವುದಿಲ್ಲ. ನೆಗಡಿಯಿಲ್ಲದೆ ಬಂದ ತೀವ್ರ ಜ್ವರ ಮಳೆಗಾಲದಲ್ಲಿ ಅನುಮಾನಕ್ಕೆ ಅರ್ಹವಾದುದು ಎಂಬುದನ್ನು ನೆನಪಿನಲ್ಲಿಡಬೇಕು.

ಇಷ್ಟನ್ನು ಹೇಳಿದ ಮೇಲೆ ಒಂದು ಮಾತನ್ನು ಸ್ಪಷ್ಟಪಡಿಸಲೇಬೇಕು. ಮೊದಲ ಎರಡು ದಿನಗಳಲ್ಲಿ ಲಕ್ಷಣಗಳನ್ನಷ್ಟೇ ನೋಡಿ ಇದು ಡೆಂಗ್ಯೂ, ಇದು ಅಲ್ಲ ಎಂದು ನಿಶ್ಚಯವಾಗಿ ಹೇಳುವುದು ನುರಿತ ವೈದ್ಯರಿಗೂ ಕಷ್ಟ. ಕೆಲವು ಮಕ್ಕಳಲ್ಲಿ ಡೆಂಗ್ಯೂವಿನ ಜೊತೆಗೆ ನೆಗಡಿಯೂ ಇರುವುದುಂಟು. ಕೆಲವರಿಗೆ ದದ್ದುಗಳು ಏಳುವುದೇ ಇಲ್ಲ. ಆದುದರಿಂದ ಲಕ್ಷಣಗಳು ಅನುಮಾನವನ್ನು ಹುಟ್ಟಿಸಬೇಕೇ ಹೊರತು ತೀರ್ಪನ್ನು ಕೊಡಬಾರದು.

ಮಳೆಗಾಲದ ಇತರ ಜ್ವರಗಳು

ಡೆಂಗ್ಯೂವಿನೊಡನೆ ಗೊಂದಲವಾಗುವ ಬೇರೆ ಜ್ವರಗಳೂ ಇವೆ. ಚಿಕುನ್‌ಗುನ್ಯವನ್ನು ಹರಡುವುದು ಇದೇ ಈಡಿಸ್ ಸೊಳ್ಳೆ. 2006ರಲ್ಲಿ ನಮ್ಮ ನಾಡಿನಲ್ಲಿ ಅದು ಹಬ್ಬಿದಾಗ ಹಳ್ಳಿಹಳ್ಳಿಗಳಲ್ಲಿ ಜನರು ಕೋಲೂರಿ ನಡೆಯುತ್ತಿದ್ದ ದೃಶ್ಯ ಹಲವರ ನೆನಪಿನಲ್ಲಿರಬಹುದು. ಮಣಿಕಟ್ಟು, ಬೆರಳು, ಹಿಮ್ಮಡಿಯ ಕೀಲುಗಳು ಊದಿಕೊಂಡು ನೋವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುವುದು ಅದರ ಗುರುತು. ಮಲೇರಿಯಾದಲ್ಲಿ ಮೈ ನಡುಗಿಸುವ ಚಳಿ ಬಂದು, ಜ್ವರವೇರಿ, ಕೊನೆಗೆ ಬೆವರಿ ಇಳಿಯುತ್ತದೆ. ವಿಷಮಶೀತ ಜ್ವರ ಅಥವಾ ಟೈಫಾಯ್ಡ್ ದಿನದಿಂದ ದಿನಕ್ಕೆ ಮೆಟ್ಟಿಲೇರಿದಂತೆ ಏರಿ ವಾರ ಕಳೆದರೂ ಬಿಡುವುದಿಲ್ಲ. ಕೆಸರುಗದ್ದೆಯಲ್ಲಿ ಕೆಲಸ ಮಾಡುವವರಿಗೆ ಬರುವ ಇಲಿಜ್ವರದಲ್ಲಿ ಮೀನಖಂಡದ ನೋವು, ಕಣ್ಣು ಕೆಂಪಾಗುವುದು, ಕೆಲವೊಮ್ಮೆ ಕಾಮಾಲೆ ಕಾಣುತ್ತವೆ. ಮಲೆನಾಡಿನ ಓದುಗರಿಗೆ ಪರಿಚಿತವಾದ ಮಂಗನ ಕಾಯಿಲೆಯ ವೈರಾಣುವು ಡೆಂಗ್ಯೂ ವೈರಾಣುವಿನ ಕುಲಕ್ಕೇ ಸೇರಿದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಅದು ಉಣ್ಣೆಗಳಿಂದ ಹರಡುತ್ತದೆ; ಅದರ ಕಾಲ ಹೆಚ್ಚಾಗಿ ಬೇಸಿಗೆಯದು. ಇವುಗಳಲ್ಲಿ ಮಲೇರಿಯಾ, ಟೈಫಾಯ್ಡ್, ಇಲಿಜ್ವರಗಳಿಗೆ ನಿರ್ದಿಷ್ಟವಾದ ಔಷಧಿಗಳಿವೆ. ಆದುದರಿಂದ ಜ್ವರದ ಮೂಲವನ್ನು ತಿಳಿಯುವುದು ಡೆಂಗ್ಯೂವಿಗಾಗಿ ಮಾತ್ರವಲ್ಲ, ಇವುಗಳಿಗಾಗಿಯೂ ಅವಶ್ಯ.

ಜ್ವರ ಇಳಿದ ದಿನವೇ ಎಚ್ಚರದ ದಿನ

ಡೆಂಗ್ಯೂವಿಗೂ ಸಾಮಾನ್ಯ ಜ್ವರಕ್ಕೂ ಇರುವ ಅತಿ ಮುಖ್ಯವಾದ ವ್ಯತ್ಯಾಸ ಜ್ವರವಿರುವಾಗ ಕಾಣುವುದಿಲ್ಲ. ಜ್ವರ ಬಿಟ್ಟಾಗ ಕಾಣುತ್ತದೆ. ಸಾಮಾನ್ಯ ಜ್ವರ ಇಳಿಯಿತೆಂದರೆ ರೋಗ ತೀರಿತೆಂದೇ ಅರ್ಥ. ಹಸಿವು ಮರಳುತ್ತದೆ, ಮುಖದಲ್ಲಿ ಕಳೆ ಬರುತ್ತದೆ. ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಹೊತ್ತೇ, ಅಂದರೆ ಆರಂಭದಿಂದ 3ರಿಂದ 7ನೆಯ ದಿನದ ನಡುವಿನ ಅವಧಿಯೇ, ಗಂಡಾಂತರದ ಘಟ್ಟವಾಗಿರುತ್ತದೆ. ಅದು ಸುಮಾರು 24ರಿಂದ 48 ಗಂಟೆಗಳ ಕಾಲ ಇರುತ್ತದೆ.

ಆ ಅವಧಿಯಲ್ಲಿ ದೇಹದೊಳಗೆ ನಡೆಯುವುದೇನು? ಕಾಲುವೆಯ ಒಡ್ಡು ಸಡಿಲಗೊಂಡಾಗ ನೀರು ಜಿನುಗಿ ಹೊಲಕ್ಕೆ ಸೇರಿ, ಕಾಲುವೆಯಲ್ಲಿ ಹರಿವು ಕಡಿಮೆಯಾಗುವುದನ್ನು ರೈತರೆಲ್ಲರೂ ನೋಡಿದ್ದಾರೆ. ಹಾಗೆಯೇ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲಗೊಂಡು ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊಟ್ಟೆಯೊಳಕ್ಕೂ ಶ್ವಾಸಕೋಶದ ಸುತ್ತಲಿನ ಪೊರೆಯೊಳಕ್ಕೂ ಜಿನುಗುತ್ತದೆ. ನಾಳಗಳಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಅಂಗಾಂಗಗಳಿಗೆ ರಕ್ತದ ಪೂರೈಕೆ ಸಾಲದಾಗುತ್ತದೆ. ಹೊರಗೆ ಹರಿಯುವ ರಕ್ತಕ್ಕಿಂತಲೂ ಒಳಗೆ ನಡೆಯುವ ಈ ಸೋರಿಕೆಯೇ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಳ್ಳುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಒಬ್ಬ ರೈತನಿಗೆ ಸೋಮವಾರ ಜ್ವರ ಆರಂಭವಾಯಿತೆಂದುಕೊಳ್ಳೋಣ. ಮಂಗಳವಾರ, ಬುಧವಾರ ಸುಡುವ ಜ್ವರ. ಗುರುವಾರ ಸಂಜೆ ಮೈ ತಣ್ಣಗಾಯಿತು. ಮನೆಯವರಿಗೆಲ್ಲ ಸಮಾಧಾನ. ಮಳೆ ಬಿಡುವು ಕೊಟ್ಟಿದೆ, ಕಳೆ ತೆಗೆಯುವ ಕೆಲಸ ನಿಂತಿದೆ. ಕಾಯಕ ಬಿಡಬಾರದೆಂದು ಶುಕ್ರವಾರ ಅವನು ಹೊಲಕ್ಕೆ ನಡೆದ. ಮಧ್ಯಾಹ್ನಕ್ಕೆ ಹೊಟ್ಟೆನೋವು, ವಾಂತಿ. ‘ಪಿತ್ತವಾಗಿದೆ’ ಎಂದು ನಿಂಬೆಹಣ್ಣಿನ ಶರಬತ್ತು ಕುಡಿದು ಮಲಗಿದ. ರಾತ್ರಿಯ ಹೊತ್ತಿಗೆ ಕೈಕಾಲು ತಣ್ಣಗಾಗಿ ಮಾತು ತೊದಲತೊಡಗಿತು. ಈ ರೋಗಿಗೆ ಗುರುವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ಕಾಲವೇ ಅತ್ಯಂತ ಎಚ್ಚರಿಕೆ ಬೇಕಾಗಿದ್ದ ಕಾಲ; ಅವನು ಹೊಲದಲ್ಲಿದ್ದುದು ಆಗಲೇ. ಶುಕ್ರವಾರ ಮಧ್ಯಾಹ್ನವೇ ಆಸ್ಪತ್ರೆ ಸೇರಿದ್ದರೆ ಸಕಾಲದಲ್ಲಿ, ತಕ್ಕ ಪ್ರಮಾಣದಲ್ಲಿ ರಕ್ತನಾಳದ ಮೂಲಕ ಕೊಡುವ ದ್ರವದಿಂದಲೇ ಬಹುತೇಕ ಸಂದರ್ಭಗಳಲ್ಲಿ ರೋಗಿ ಚೇತರಿಸಿಕೊಳ್ಳುತ್ತಾನೆ. ತೀವ್ರ ಡೆಂಗ್ಯೂವಿನಲ್ಲಿಯೂ ಬೇಗ ಗುರುತಿಸಿ ಸರಿಯಾದ ಚಿಕಿತ್ಸೆ ನೀಡಿದರೆ ಸಾವಿನ ಪ್ರಮಾಣ ಶೇಕಡ 1ಕ್ಕಿಂತ ಕಡಿಮೆಯಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಆದುದರಿಂದ ಜ್ವರ ಆರಂಭವಾದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ‘ಇದು ಎಷ್ಟನೆಯ ದಿನ?’ ಎಂಬುದು.

ಅಪಾಯದ ಮುನ್ಸೂಚನೆಗಳು

ಕೆಳಗಿನವುಗಳಲ್ಲಿ ಯಾವುದಾದರೊಂದು ಕಂಡರೂ, ಹಗಲೆನ್ನದೆ ಇರುಳೆನ್ನದೆ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.

1. ಬಿಡದೆ ಕಾಡುವ ತೀವ್ರ ಹೊಟ್ಟೆನೋವು.
2. ಕುಡಿದದ್ದು ನಿಲ್ಲದಂತೆ ಮೇಲಿಂದ ಮೇಲೆ ವಾಂತಿ.
3. ಒಸಡು, ಮೂಗುಗಳಿಂದ ರಕ್ತ, ವಾಂತಿಯಲ್ಲಿ ರಕ್ತ, ಡಾಂಬರಿನಂತೆ ಕಪ್ಪಾದ ಮಲ, ಸ್ತ್ರೀಯರಲ್ಲಿ ಅತಿಯಾದ ಮುಟ್ಟಿನ ಸ್ರಾವ.
4. ಅತಿಯಾದ ನಿಶ್ಶಕ್ತಿ, ಮಂಪರು, ಅಥವಾ ಇದಕ್ಕೆ ವಿರುದ್ಧವಾಗಿ ವಿನಾಕಾರಣ ಚಡಪಡಿಕೆ. ಮಕ್ಕಳಲ್ಲಿ ಸಮಾಧಾನಪಡಿಸಲಾಗದ ಅಳು.
5. ಕೈಕಾಲು ತಣ್ಣಗಾಗಿ ಜಿಗುಟು ಬೆವರು ಬರುವುದು. ಎದ್ದು ನಿಂತಾಗ ಕಣ್ಣು ಕತ್ತಲಿಡುವುದು.
6. ನಾಲ್ಕರಿಂದ ಆರು ಗಂಟೆಗಳ ಕಾಲ ಮೂತ್ರ ಹೋಗದಿರುವುದು.
7. ಹೊಟ್ಟೆ ಉಬ್ಬರ, ಉಸಿರಾಟದ ತೊಂದರೆ.

ಒಂದು ವರ್ಷದೊಳಗಿನ ಶಿಶುಗಳು, ಗರ್ಭಿಣಿಯರು, ವೃದ್ಧರು, ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ರೋಗವುಳ್ಳವರು ಈ ಲಕ್ಷಣಗಳಿಗಾಗಿ ಕಾಯದೆ ಜ್ವರದ ಮೊದಲ ದಿನಗಳಲ್ಲಿಯೇ ವೈದ್ಯರನ್ನು ಕಾಣಬೇಕು.

ಯಾವ ದಿನ, ಯಾವ ಪರೀಕ್ಷೆ?

ರಕ್ತಪರೀಕ್ಷೆಯ ಬೆಲೆ ಅದನ್ನು ಮಾಡಿಸಿದ ದಿನವನ್ನು ಅವಲಂಬಿಸಿದೆ. ಎನ್‌ಎಸ್1 ಎಂಬುದು ವೈರಾಣುವಿನದೇ ಒಂದು ಅಂಶವನ್ನು ಪತ್ತೆಹಚ್ಚುವ ಪರೀಕ್ಷೆ. ಮೊದಲ ದಿನದಿಂದ ಸುಮಾರು 5ನೆಯ ದಿನದವರೆಗೆ ಅದು ಹೆಚ್ಚು ಉಪಯುಕ್ತ. ಐಜಿಎಂ ಪರೀಕ್ಷೆಯು ದೇಹವು ವೈರಾಣುವಿನ ವಿರುದ್ಧ ತಯಾರಿಸಿದ ಪ್ರತಿಕಾಯವನ್ನು ಗುರುತಿಸುತ್ತದೆ. ಅದು 5ನೆಯ ದಿನದ ನಂತರವಷ್ಟೇ ಭರವಸೆಗೆ ಅರ್ಹ. ಎರಡನೆಯ ದಿನ ಐಜಿಎಂ ಮಾಡಿಸಿ ‘ಡೆಂಗ್ಯೂ ಇಲ್ಲ’ ಎಂಬ ವರದಿ ಪಡೆದು ನೆಮ್ಮದಿಯಿಂದಿರುವುದು ಸರಿಯಲ್ಲ. ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಕೊಡುವ ಕಿಟ್ ಪರೀಕ್ಷೆಗಿಂತ ಎಲಿಸಾ ವಿಧಾನದ ಪರೀಕ್ಷೆ ಹೆಚ್ಚು ವಿಶ್ವಾಸಾರ್ಹವಾದುದು. ಸರ್ಕಾರಿ ವ್ಯವಸ್ಥೆಯಲ್ಲಿ ಈ ಪರೀಕ್ಷೆ ಉಚಿತ. ಖಾಸಗಿ ಪ್ರಯೋಗಾಲಯಗಳಿಗೂ ರಾಜ್ಯ ಸರ್ಕಾರವು 2024ರ ಜುಲೈಯಲ್ಲಿ ದರದ ಮಿತಿಯನ್ನು ಗೊತ್ತುಪಡಿಸಿತು.

ಇವುಗಳ ಜೊತೆಗೆ ಸಂಪೂರ್ಣ ರಕ್ತಕಣಗಳ ಎಣಿಕೆಯನ್ನು ಮಾಡಿಸುವುದು ಅವಶ್ಯ. ಡೆಂಗ್ಯೂವಿನಲ್ಲಿ ಬಿಳಿ ರಕ್ತಕಣಗಳು ಮೊದಲು ಇಳಿಯುತ್ತವೆ, ಅನಂತರ ಪ್ಲೇಟ್‌ಲೆಟ್‌ಗಳು ಇಳಿಯುತ್ತವೆ. ಆ ವರದಿಯಲ್ಲಿ ಹೆಮಟೋಕ್ರಿಟ್ ಅಥವಾ ಪಿ.ಸಿ.ವಿ. ಎಂಬ ಅಂಕಿಯೂ ಇರುತ್ತದೆ. ರಕ್ತ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಹೇಳುವುದು ಅದೇ. ಪ್ಲೇಟ್‌ಲೆಟ್ ವೇಗವಾಗಿ ಇಳಿಯುತ್ತ, ಹೆಮಟೋಕ್ರಿಟ್ ಏರುತ್ತ ಹೋದರೆ ಸೋರಿಕೆ ಆರಂಭವಾಗಿದೆ ಎಂದು ವೈದ್ಯರು ತಿಳಿಯುತ್ತಾರೆ.

ಪ್ಲೇಟ್‌ಲೆಟ್ ಕುರಿತ ಅನಗತ್ಯ ಭಯ

ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಡೆಂಗ್ಯೂವಿನಲ್ಲಿ ಇದು ಒಂದು ಲಕ್ಷಕ್ಕಿಂತ ಕೆಳಗೆ, ಕೆಲವೊಮ್ಮೆ ಐವತ್ತು ಸಾವಿರಕ್ಕಿಂತಲೂ ಕೆಳಗೆ ಹೋಗುವುದು ಸಾಮಾನ್ಯ. ಈ ಅಂಕಿ ಕಂಡೊಡನೆ ಬಂಧುಬಳಗದವರು ರಕ್ತನಿಧಿಗಳಿಗೆ ಓಡತೊಡಗುತ್ತಾರೆ. ರಕ್ತಸ್ರಾವವಿಲ್ಲದ, ಸ್ಥಿರವಾಗಿರುವ ರೋಗಿಗೆ ಅಂಕಿ ಇಳಿದಿದೆ ಎಂಬ ಒಂದೇ ಕಾರಣಕ್ಕೆ ಪ್ಲೇಟ್‌ಲೆಟ್ ಕೊಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಅದು ಹತ್ತು ಸಾವಿರಕ್ಕಿಂತ ಕೆಳಗಿಳಿದಾಗ ಅಥವಾ ರಕ್ತಸ್ರಾವ ಕಂಡಾಗ ವೈದ್ಯರು ತೀರ್ಮಾನಿಸುತ್ತಾರೆ. ಗಂಡಾಂತರದ ಘಟ್ಟ ದಾಟಿದ ಮೇಲೆ ಅವು ತಾವಾಗಿಯೇ ಏರುತ್ತವೆ. ಹಾಗೆಂದು ಎಪ್ಪತ್ತು ಸಾವಿರ ಪ್ಲೇಟ್‌ಲೆಟ್ ಇದ್ದರೂ ಹೊಟ್ಟೆನೋವು, ಮಂಪರು, ತಣ್ಣನೆಯ ಕೈಕಾಲು ಇರುವ ರೋಗಿ ಸುರಕ್ಷಿತನಲ್ಲ. ಅಂಕಿಗಿಂತ ರೋಗಿಯನ್ನು ನೋಡುವುದು ಮುಖ್ಯ.

ಮನೆಯಲ್ಲಿ ಆರೈಕೆ

ಅಪಾಯದ ಸೂಚನೆಗಳಿಲ್ಲದ ರೋಗಿಯನ್ನು ವೈದ್ಯರ ಸಲಹೆಯಂತೆ ಮನೆಯಲ್ಲಿಯೇ ನೋಡಿಕೊಳ್ಳಬಹುದು. ಡೆಂಗ್ಯೂ ವೈರಾಣುವನ್ನು ಕೊಲ್ಲುವ ಔಷಧಿ ಇನ್ನೂ ಬಳಕೆಗೆ ಬಂದಿಲ್ಲ. ವಿಶ್ರಾಂತಿ ಮತ್ತು ದ್ರವಾಹಾರವೇ ಚಿಕಿತ್ಸೆಯ ಆಧಾರ. ಬರಿಯ ನೀರಿಗಿಂತ ಗಂಜಿಯ ತಿಳಿ, ಉಪ್ಪು ಬೆರೆಸಿದ ಮಜ್ಜಿಗೆ, ಎಳನೀರು, ಬೇಳೆಯ ಕಟ್ಟು, ಓಆರ್‌ಎಸ್ ದ್ರಾವಣ ಉತ್ತಮ. ಒಮ್ಮೆಗೇ ಲೋಟ ತುಂಬ ಕೊಡದೆ ಗುಟುಕು ಗುಟುಕಾಗಿ ಮತ್ತೆ ಮತ್ತೆ ಕೊಡಬೇಕು. ಬೀಟ್‌ರೂಟ್, ದಾಳಿಂಬೆ ಮುಂತಾದ ಕೆಂಪು ಬಣ್ಣದ ರಸಗಳನ್ನು ಆ ದಿನಗಳಲ್ಲಿ ಬಿಡುವುದು ಒಳಿತು. ವಾಂತಿಯಾದಾಗ ಅದು ರಸವೋ ರಕ್ತವೋ ತಿಳಿಯದಾಗುತ್ತದೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ಅದನ್ನೂ ಆರು ಗಂಟೆಗಳ ಅಂತರದಲ್ಲಿ, ವೈದ್ಯರು ಹೇಳಿದ ಪ್ರಮಾಣದಲ್ಲಿ, ಮಕ್ಕಳಿಗೆ ತೂಕಕ್ಕೆ ತಕ್ಕಂತೆ ಕೊಡಬೇಕು. ಡೆಂಗ್ಯೂವಿನಲ್ಲಿ ಯಕೃತ್ತು ಬಳಲಿರುವುದರಿಂದ ಜ್ವರ ಇಳಿಯಲಿಲ್ಲವೆಂದು ಮಾತ್ರೆ ಹೆಚ್ಚಿಸಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಬಹುದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೆಫೆನಮಿಕ್ ಆಮ್ಲದಂತಹ ನೋವಿನ ಮಾತ್ರೆಗಳು ರಕ್ತಸ್ರಾವಕ್ಕೆ ಎಡೆಮಾಡುವುದರಿಂದ ಅವುಗಳನ್ನು ಅಂಗಡಿಯಿಂದ ತಂದು ನುಂಗಕೂಡದು. ಹೃದ್ರೋಗಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ‘ಒಂದು ಸೂಜಿ ಹಾಕಿಬಿಡಿ, ನಾಳೆ ಕೆಲಸಕ್ಕೆ ಹೋಗಬೇಕು’ ಎಂದು ಒತ್ತಾಯಿಸುವುದು ನಮ್ಮಲ್ಲಿ ರೂಢಿ. ಡೆಂಗ್ಯೂವಿನಲ್ಲಿ ಸ್ನಾಯುವಿಗೆ ಚುಚ್ಚಿದ ಸೂಜಿಯಿಂದ ಒಳಗೇ ರಕ್ತ ಮಡುಗಟ್ಟಬಹುದು. ಪ್ರತಿಜೈವಿಕ ಔಷಧಿಗಳಿಂದಲೂ ಈ ಜ್ವರಕ್ಕೆ ಪ್ರಯೋಜನವಿಲ್ಲ.

ಪರಂಗಿ ಎಲೆಯ ರಸ, ಅಮೃತಬಳ್ಳಿಯ ಕಷಾಯಗಳ ಬಗ್ಗೆ ಅನೇಕರು ಕೇಳುತ್ತಾರೆ. ಪರಂಗಿ ಎಲೆಯ ಸಾರದಿಂದ ಪ್ಲೇಟ್‌ಲೆಟ್‌ಗಳು ಸ್ವಲ್ಪ ಬೇಗ ಏರಬಹುದೆಂದು ಕೆಲವು ಅಧ್ಯಯನಗಳು ಸೂಚಿಸಿವೆಯಾದರೂ ಪ್ಲಾಸ್ಮಾ ಸೋರಿಕೆಯನ್ನು ಅದು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕಹಿರಸದಿಂದ ವಾಂತಿ ಹೆಚ್ಚಾದರೆ ದೇಹದ ದ್ರವ ಮತ್ತಷ್ಟು ನಷ್ಟವಾಗುತ್ತದೆ. ಮನೆಮದ್ದು ಆಸ್ಪತ್ರೆಗೆ ಹೋಗುವುದನ್ನು ತಡಮಾಡುವ ನೆಪವಾಗಬಾರದು.

ಜ್ವರದ ದಿನಗಳಲ್ಲಿ ರೋಗಿಯು ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಬೇಕು. ಅವನನ್ನು ಕಚ್ಚಿದ ಸೊಳ್ಳೆ ಮುಂದೆ ಮನೆಯವರನ್ನೂ ನೆರೆಯವರನ್ನೂ ಕಚ್ಚಿ ರೋಗವನ್ನು ದಾಟಿಸುತ್ತದೆ. ಈ ಪರದೆ ರೋಗಿಗಿಂತ ಹೆಚ್ಚಾಗಿ ಇತರರ ರಕ್ಷಣೆಗಾಗಿ. ಗುಣವಾದ ಮೇಲೂ ಕೆಲವು ವಾರ ಆಯಾಸ ಉಳಿಯುವುದರಿಂದ ದುಡಿಮೆಗೆ ನಿಧಾನವಾಗಿ ಮರಳಬೇಕು.

ನಿಂತ ನೀರೇ ಮೂಲ

ಈಡಿಸ್ ಸೊಳ್ಳೆ ಕೊಳಚೆ ಗಟಾರದಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ನಾವು ಶೇಖರಿಸಿಟ್ಟ ತಿಳಿನೀರಿನಲ್ಲಿ ಹುಟ್ಟುತ್ತದೆ. ಮಳೆ ಕಡಿಮೆಯಾದ ಬಯಲುಸೀಮೆಯ ಊರುಗಳಲ್ಲಿಯೂ ಡೆಂಗ್ಯೂ ಹಬ್ಬಲು ಇದೇ ಕಾರಣ. ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವಲ್ಲಿ ಪ್ರತಿ ಮನೆಯೂ ತೊಟ್ಟಿ, ಹಂಡೆ, ಡ್ರಮ್ಮುಗಳನ್ನು ತುಂಬಿಟ್ಟುಕೊಳ್ಳಲೇಬೇಕಾಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಂದು ದಿನವನ್ನು ಗೊತ್ತುಮಾಡಿಕೊಂಡು ಎಲ್ಲ ಪಾತ್ರೆಗಳನ್ನೂ ಬರಿದು ಮಾಡಿ ತೊಳೆದರೆ ಆ ಚಕ್ರ ಮುರಿಯುತ್ತದೆ. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನ ಮಟ್ಟಕ್ಕೆ ಮೇಲೆ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕುವುದರಿಂದ ಒಳಗೋಡೆಯನ್ನು ಬಲವಾಗಿ ಉಜ್ಜಬೇಕು, ಬಳಿಕ ಬಿಗಿಯಾಗಿ ಮುಚ್ಚಬೇಕು.

ಹಿತ್ತಲಿನ ಎಳನೀರು ಬುರುಡೆ, ತೆಂಗಿನ ಚಿಪ್ಪು, ಹಳೆಯ ಟೈರು, ಬಳಸದ ಒರಳುಕಲ್ಲು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂಬದಿಯ ತಟ್ಟೆ, ಅಡಿಕೆ ಹಾಳೆ, ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಮಡಿಕೆ ಇವೆಲ್ಲವೂ ಸೊಳ್ಳೆಯ ತೊಟ್ಟಿಲುಗಳೇ. ಬರಿದು ಮಾಡಲಾಗದ ದೊಡ್ಡ ತೊಟ್ಟಿ, ಕೊಳಗಳಿಗೆ ಲಾರ್ವಾ ತಿನ್ನುವ ಗಪ್ಪಿ ಮೀನುಗಳನ್ನು ಬಿಡಬಹುದು. ಸಂಜೆ ಬಾಗಿಲು ಹಾಕಿ ಬೇವಿನ ಹೊಗೆ ಹಾಕಿದರೆ ಸಾಕೆಂಬ ನಂಬಿಕೆಯೂ ತಿದ್ದಿಕೊಳ್ಳಬೇಕಾದುದು. ಹಗಲು ಕಚ್ಚುವ ಸೊಳ್ಳೆಗೆ ಹಗಲಿನಲ್ಲಿಯೇ ಮೈತುಂಬ ಬಟ್ಟೆ, ಕಿಟಕಿಗೆ ಜಾಲರಿ ಬೇಕು. ಲಾರ್ವಾ ಸಮೀಕ್ಷೆಗೆ ಬರುವ ಆಶಾ ಕಾರ್ಯಕರ್ತೆಯರನ್ನು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸದೆ ಒಳಗೆ ಕರೆದು ತೊಟ್ಟಿಗಳನ್ನು ತೋರಿಸಬೇಕು.

ನೂರಾರು ಮಕ್ಕಳು ಒಟ್ಟಿಗೆ ವಾಸಿಸುವ ಪ್ರಸಾದ ನಿಲಯಗಳು, ವಿದ್ಯಾರ್ಥಿನಿಲಯಗಳು, ಶ್ರಾವಣ ಮಾಸದಲ್ಲಿ ಜನ ಸೇರುವ ಸಮುದಾಯ ಭವನಗಳು ಈ ವಿಷಯದಲ್ಲಿ ವಿಶೇಷ ಕಾಳಜಿ ವಹಿಸಬೇಕಾಗಿದೆ. ನಿಲಯಪಾಲಕರು ಜ್ವರ ಬಂದ ಪ್ರತಿ ಮಗುವಿನ ಹೆಸರಿನ ಮುಂದೆ ಜ್ವರ ಆರಂಭವಾದ ದಿನಾಂಕವನ್ನು ಬರೆದಿಡಬೇಕು. ಜ್ವರ ಬಿಟ್ಟ ಎರಡು ದಿನಗಳವರೆಗೆ ಆ ಮಗುವನ್ನು ಆಟಕ್ಕೂ ಶಾಲೆಗೂ ಕಳುಹಿಸದೆ, ಎಷ್ಟು ಕುಡಿಯಿತು, ಎಷ್ಟು ಬಾರಿ ಮೂತ್ರಕ್ಕೆ ಹೋಯಿತು ಎಂಬುದನ್ನು ಗಮನಿಸಬೇಕು. ಮನೆಯಿಂದ ದೂರವಿರುವ ಮಗು ತನ್ನ ಹೊಟ್ಟೆನೋವನ್ನು ಎಲ್ಲರೊಡನೆ ಹೇಳಿಕೊಳ್ಳದು. ಕೇಳಿ ತಿಳಿಯುವವರು ಬೇಕು.

ಹೀಗೆ ಜ್ವರ ಬಂದ ದಿನವನ್ನು ಗುರುತಿಸುವುದು, ನೋವಿನ ಮಾತ್ರೆಗಳಿಂದ ದೂರವಿರುವುದು, ಸಕಾಲದಲ್ಲಿ ಪರೀಕ್ಷೆ ಮಾಡಿಸುವುದು, ಜ್ವರ ಇಳಿದ ಬಳಿಕದ ಎರಡು ದಿನ ಕಣ್ಣಿಟ್ಟು ಕಾಯುವುದು, ವಾರಕ್ಕೊಮ್ಮೆ ತೊಟ್ಟಿ ಉಜ್ಜುವುದು ಎಂಬ ಈ ಐದನ್ನು ಪ್ರತಿ ಕುಟುಂಬವೂ ಪಾಲಿಸುವಂತಾಗಲಿ. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಓದಿದವರು ಇದನ್ನು ಓದಲಾರದ ನೆರೆಹೊರೆಯವರಿಗೂ ತಿಳಿಸಿ ಹೇಳಬೇಕೆಂದು ಕೋರುತ್ತೇವೆ.